ಕ್ಯಾಬಿನ್ನಿನೊಳಗೆ ಕೂತವನು

ಹೊನ್ನಾಳಿ
18 ಆಗಸ್ಟ್ 2024

ಅಪ್ಪ,

ಫೋನ್ ಮಾಡಿದ್ರೆ ನನ್ನ ಮಾತು ಅರ್ಧಕ್ಕೆ ಬರೋಷ್ಟರಾಗೆ ಕಟ್ ಮಾಡ್ತೀಯ. ಕಾಗದ ಕಟ್ ಮಾಡಾಕೆ ಬರಲ್ಲ. ಹರಿದು ಹಾಕಿದ್ರೂ ಹರಿಯೋ ಮುಂಚೆ ಒಂದು ಸಾಲಾದ್ರೂ ಕಣ್ಣಿಗೆ ಬಿದ್ದೇ ಬೀಳ್ತೈತೆ. ಅದಕ್ಕೇ ಬರೀತಿದೀನಿ. ಇಲ್ಲಿ ಕ್ಷೇಮ, ಅಲ್ಲಿ ಕ್ಷೇಮನಾ ಅಂತೆಲ್ಲ ಕೇಳಲ್ಲ. ಕ್ಷೇಮ ಇದ್ದಿದ್ರೆ ಕಾಗದ ಯಾಕೆ ಬೇಕಿತ್ತು?

ಹೋದ ತಿಂಗಳು ಒಂದು ಭಾನುವಾರ ಜಗಳೂರಿಗೆ ಒಬ್ಬರು ಟೇಪ್ ಹಿಡ್ಕೊಂಡು ಬಂದಿದ್ರಲ್ಲ, ನೀನು ಮಣ್ಣು ತೋಡೋ ಹಿಟಾಚಿ ಅಳೆಯಾಕೆ? ಅವರೇ ಕಲ್ಲೇಶಪ್ಪನೋರು. ನಾನು ಕೆಲಸ ಮಾಡೋ ಎರಕದ ಶೆಡ್ಡಿನ ಸಾಹುಕಾರ್ರು. ಇಷ್ಟು ದಿನ ಅಲ್ಲಿ ನಲ್ಲಿ ತಿರುಪು, ಬೀರು ಹಿಡಿ ಹುಯ್ತಿದ್ವಿ. ಈಗ ನಿನ್ನ ಹಿಟಾಚಿ ಹುಯ್ತೀವಿ. ಐವತ್ತರಾಗೆ ಒಂದು ಪಾಲು ಸೈಜು. ನಿಮ್ಮ ರುದ್ರಮುನಿ ಕಂಟ್ರಾಕ್ಟ್ರು ಐನೂರು ಪೀಸ್ ಹೇಳಿದಾರೆ. ಕಾಲುವೆಗೆ ನೀರು ಬಿಡೋ ದಿನ ವೇದಿಕೆ ಮ್ಯಾಲೆ ಕೂತೋರಿಗೆಲ್ಲ ಹಂಚಾಕಂತೆ. ಸತು ಕಾಯಿಸಿ ಉಕ್ಕಿನ ಅಚ್ಚಿನೊಳಗೆ ಒತ್ತಿದ್ರೆ ತೋಳು, ಬಕೆಟ್ಟು, ಚೈನು ಬಿಸಿಬಿಸಿ ಬೀಳ್ತವೆ. ಅಂಚಿಗೆ ರೆಕ್ಕೆ ಥರ ಅಂಟಿರೋದನ್ನ ಅರದಾಗೆ ಉಜ್ಜಿ ತೆಗೆಯೋದು ನನ್ನ ಕೆಲಸ. ನಂಗೆ ಬಕೆಟ್ ಮಾತ್ರ ಕೊಟ್ಟವ್ರೆ. ದಿನವೆಲ್ಲ ಹಲ್ಲು ಉಜ್ಜೋದು. ನನ್ನದಲ್ಲ, ಬಕೆಟ್ಟಿನದು.

ಕಲ್ಲೇಶಪ್ಪನೋರು ತೆಗೆದ ಫೋಟೋ ಎಲ್ಲಾ ಶೆಡ್ಡಿನ ಗೋಡೆಗೆ ಅಂಟಿಸವ್ರೆ. ಬಕೆಟ್ಟಿನ ಅಗಲ, ತೋಳಿನ ಉದ್ದ, ಚೈನಿನ ಎತ್ತರ. ಎಲ್ಲಾದ್ರಾಗೂ ಟೇಪಿನ ತುದಿ ಹಿಡ್ಕೊಂಡಿರೋ ಒಂದು ಕೈ ಐತೆ. ಹೆಬ್ಬೆರಳ ಉಗುರು ನಡುವೆ ಸೀಳಿರೋ ಕೈ. ಆ ಉಗುರು ನಂಗೆ ಗೊತ್ತಿಲ್ವಾ? ಇಡೀ ಗೋಡೆ ತುಂಬ ನಿನ್ನ ಕೈ ಐತೆ ಅಪ್ಪ, ಒಂದ್ರಾಗೂ ಮುಖ ಇಲ್ಲ. ಒಬ್ಬರಿಗೂ ತೆಗೀಬೇಕು ಅನ್ನಿಸ್ಲಿಲ್ಲ.

ನಿನ್ನೆ ರುದ್ರಮುನಿ ಮಗ ಬಂದಿದ್ದ, ವಿನಯ್ ಕುಮಾರ್. ಮೊದಲನೇ ಪೀಸು ಕೈಯಾಗೆ ಹಿಡಿದು ಬಕೆಟ್ ಎತ್ತಿಸಿ ಇಳಿಸಿ ಆಡ್ತಾ ಇದ್ದ. ನಾನು ಕೇಳಿದೆ, "ಒಳಗೆ ಯಾರೂ ಇಲ್ವಲ್ರೀ?" ಅಂತ. ಅವನು ನಕ್ಕ. "ಇದಕ್ಕೂ ಡ್ರೈವರ್ ಇಟ್ರೆ ಸಂಬಳ ಕೊಡೋರು ಯಾರಮ್ಮ? ನೀನು ಕೊಡ್ತೀಯಾ?" ಅಂದ. ಶೆಡ್ಡೆಲ್ಲ ನಕ್ತು. ಕಲ್ಲೇಶಪ್ಪನೋರೂ ನಕ್ರು.

ನಾನು ನಗಲಿಲ್ಲ. ನಿನ್ನನ್ನ ಅದರೊಳಗೆ ಕೂರಿಸ್ತೀನಿ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ.

ನೀನು ಒಪ್ಪಿದ್ರೂ ಬಿಟ್ರೂ ನಿನ್ನ ಮಗಳೇ,
ಗಂಗಾ


ಜಗಳೂರು
5 ಸೆಪ್ಟೆಂಬರ್ 2024

ಮಗಳು ಶಿವಗಂಗಾಳಿಗೆ ತಂದೆ ಮೈಲಾರಪ್ಪನು ಬರೆಯುವುದೇನೆಂದರೆ,

ನಿನ್ನ ಕಾಗದ ತಲುಪಿತು. ಹರಿದಿಲ್ಲ. ಬರೆಯಲು ಬೇರೆ ಹಾಳೆ ಸಿಗದೆ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಇಲ್ಲಿ ಕೆಲಸ ಜೋರಾಗಿದೆ. ಕಾಲುವೆ ಕೊನೆಯ ಕೆರೆಯ ಹತ್ತಿರ ಬಂದಿದೆ. ನೆಲ ಗಟ್ಟಿ, ಕಲ್ಲು ಜಾಸ್ತಿ. ನೀನು ಬರೆದ ವಿಷಯ ಓದಿದೆ. ಅದು ಆಟದ ಸಾಮಾನು. ಆಟದ ಸಾಮಾನಿನಲ್ಲಿ ನಾನು ಕೂತರೆಷ್ಟು, ಬಿಟ್ಟರೆಷ್ಟು? ವಿನಯ್ ಕುಮಾರ್ ಅವರು ಒಳ್ಳೆಯವರು, ತಮಾಷೆಗೆ ಅಂದಿರುತ್ತಾರೆ. ದೊಡ್ಡವರ ತಮಾಷೆಗೆ ಎದುರು ಮಾತಾಡಬಾರದು. ರುದ್ರಮುನಿಯವರ ಅನ್ನ ತಿಂದಿದ್ದೇವೆ. ನೀನು ಯಾವ ಗಲಾಟೆಯನ್ನೂ ಮಾಡಬೇಡ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಸತುವಿನ ಹೊಗೆ ಎದೆಗೆ ಒಳ್ಳೆಯದಲ್ಲ ಎಂದು ಇಲ್ಲಿ ವೆಲ್ಡಿಂಗ್ ಹುಡುಗ ಹೇಳಿದ. ಬೆಲ್ಲ ತಿನ್ನು. ಹಬ್ಬಕ್ಕೆ ಸವಳಂಗಕ್ಕೆ ಹೋಗಿ ನಿನ್ನ ಅವ್ವನನ್ನೂ ಅಜ್ಜಿಯನ್ನೂ ನೋಡಿಕೊಂಡು ಬಾ.

ಇಂತಿ ನಿನ್ನ ತಂದೆ,
ಮೈಲಾರಪ್ಪ


ಹೊನ್ನಾಳಿ
11 ಸೆಪ್ಟೆಂಬರ್ 2024

ಅಪ್ಪ,

"ಬರೆಯುವುದೇನೆಂದರೆ" ಅಂತೆ. ಪುಸ್ತಕದ ಕನ್ನಡ ನನಗೆ ಬರೀಬೇಡ. ತಾಸೀಲ್ದಾರ್‌ಗೆ ಅರ್ಜಿ ಕೊಟ್ಟಂಗೆ ಐತೆ. ನಾನು ನಿನ್ನ ಮಗಳು.

ತಮಾಷೆ ಅಂದ್ಯಲ್ಲ, ನಾನು ಶಾಲೆ ಬಿಟ್ಟಿದ್ದೂ ಒಂದು ತಮಾಷೆಯಿಂದಲೇ. ನಿಂಗೆ ನೆನಪಿರಲ್ಲ, ನಾನು ನೆನಪು ಮಾಡ್ತೀನಿ. ಒಂಬತ್ತನೇ ಕ್ಲಾಸು. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಅಪ್ಪ ಏನು ಮಾಡ್ತಾರೆ ಅಂತ ಕೇಳ್ತಿದ್ರು. ನಾನು "ಹಿಟಾಚಿ ಆಪರೇಟರ್ ಸಾರ್" ಅಂದೆ. "ಡ್ರೈವರ್ ಅಂದ್ರೆ ಸಾಕಮ್ಮ, ಆಪರೇಟರ್ ಅನ್ನೋ ಇಂಗ್ಲಿಷ್ ಯಾಕೆ?" ಅಂದ್ರು. ನಾನು, "ಹಂಗಾದ್ರೆ ನಿಮಗೂ ಮೇಷ್ಟ್ರೇ ಅಂದ್ರೆ ಸಾಕಲ್ವಾ, ಸಾರ್ ಅನ್ನೋ ಇಂಗ್ಲಿಷ್ ಯಾಕೆ?" ಅಂದೆ. ಅಷ್ಟೇ. ಅಪ್ಪನ್ನ ಕರ್ಕೊಂಡು ಬಾ ಅಂದ್ರು.

ನೀನು ಬಂದೆ. ಕೆಲಸ ಬಿಟ್ಟು, ಒಗೆದ ಅಂಗಿ ಹಾಕ್ಕೊಂಡು ಬಂದೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟೆ. ನನ್ನ ಮಗಳದ್ದು ಏನು ತಪ್ಪು ಅಂತ ಕೇಳ್ತೀಯ ಅಂತ ಕಾಯ್ತಾ ನಿಂತಿದ್ದೆ ನಾನು. ನೀನು ಎರಡೂ ಕೈ ಮುಗಿದೆ. "ಹೊಟ್ಟೆಗೆ ಹಾಕ್ಕೊಳ್ರಿ ಸಾಮಿ, ಹುಡುಗಿ ಬುದ್ಧಿ" ಅಂದೆ. ಕಲ್ಲು ಒಡೆಯೋ ಮಷೀನು ಆಡಿಸೋ ಕೈ ಅವು. ಅವನ್ನ ಮುಗಿದು ನಿಂತೆ.

ಎಲ್ಲಾರೂ ಅಂದ್ಕೊಂಡವ್ರೆ ನಾನು ಮೇಷ್ಟ್ರ ಮ್ಯಾಲಿನ ಸಿಟ್ಟಿಗೆ ಶಾಲೆ ಬಿಟ್ಟೆ ಅಂತ. ಮೇಷ್ಟ್ರು ಯಾವ ಲೆಕ್ಕ? ನಾನು ಬಿಟ್ಟಿದ್ದು ನಿನ್ನ ಮುಗಿದ ಕೈ ನೋಡಿ.

ಇನ್ನು ಕೇಳು. ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಜ್ಜಿ ಉಪ್ಪಿನಕಾಯಿ ಹಾಕ್ತಿದ್ದ ಬಳಪದ ಕಲ್ಲಿನ ಮರಿಗೆ ಒಡೆದು ಎರಡು ಹೋಳಾಗಿ ಹಿತ್ತಲಾಗೆ ಬಿದ್ದಿತ್ತು. ಕೇಳಿದ್ದಕ್ಕೆ "ತಗಂಡೋಗೇ, ಅದರಾಗೆ ಏನು ಹಾಕ್ತೀಯ?" ಅಂದ್ಲು ಅಜ್ಜಿ. "ನಿನ್ನ ಮಗನ್ನ ಹಾಕ್ತೀನಿ" ಅಂದೆ. ಬಾಯಾಗಿನ ಎಲಡಿಕೆ ಉಗುಳಿ ನನ್ನ ಮಖ ನೋಡಿದ್ಲು.

ಬಳಪದ ಕಲ್ಲು ಮೆತ್ತಗೆ, ಮೊಳೆಯಾಗೆ ಕೆತ್ತಬಹುದು. ಕಾದ ಸತುನೂ ತಡೀತೈತೆ. ಒಂದು ಹೋಳಿನಾಗೆ ನಿನ್ನ ಎದೆ ಕೆತ್ತಿದೆ, ಇನ್ನೊಂದರಾಗೆ ಬೆನ್ನು. ಎರಡೂ ಕೂಡಿಸಿ ಕಟ್ಟಿ, ಮಷೀನಿನ ಹಂಡೆಯಾಗೆ ತಳಕ್ಕುಳಿದ ಸತು ಹುಯ್ದೆ. ಬಿಚ್ಚಿದ್ರೆ ನೀನು ಕೂತಿದ್ದೆ. ನನ್ನ ಕಿರುಬೆರಳ ಎರಡು ಗೆಣ್ಣಿನಷ್ಟು.

ಬೆಂಕಿಪೊಟ್ಟಣದಾಗೆ ಹತ್ತಿ ಇಟ್ಟು ಇದರ ಜೊತೆಗೇ ಕಳಿಸಿದೀನಿ. ಆಟದ ಸಾಮಾನು ಅನ್ನೋದಾದ್ರೆ ಎಸೆದುಬಿಡು.

ಗಂಗಾ


ಜಗಳೂರು
30 ಸೆಪ್ಟೆಂಬರ್ 2024

ಗಂಗಾ,

ನೀನು ಕಳಿಸಿದ ಮನುಷ್ಯ ಬಂದ. ಮೊದಲು ನನಗೇ ಅರ್ಥವಾಗಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿ ದುಂಡಗೆ ಏನನ್ನೋ ಹಿಡಿದುಕೊಂಡಿದ್ದಾನೆ. ಊಟದ ತಟ್ಟೆಯೋ ಏನೋ ಅಂದುಕೊಂಡೆ. ಊಟದ ಹೊತ್ತಿನಲ್ಲಿ ಮುತ್ತುರಾಜ ಕಿತ್ತುಕೊಂಡು ನೋಡಿದ. ಅವನು ಪಕ್ಕದ ಗಾಡಿಯ ಆಪರೇಟರ್, ಬಾಯಿ ಜೋರು. "ಏ ಮೈಲಾರಣ್ಣ, ನಿನ್ನ ಮಗಳು ನಿನಗೆ ಬಸ್ ಕೊಡಿಸ್ಯಾಳಲ್ಲೋ! ಹೊನ್ನಾಳಿ, ನ್ಯಾಮತಿ, ಸವಳಂಗ, ಹತ್ರೀ ಹತ್ರೀ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಹಿಟಾಚಿಗೆ ಸ್ಟೇರಿಂಗ್ ಎಲ್ಲಿದೆ ಹುಚ್ಚಿ? ಅಷ್ಟೊಂದು ಬಕೆಟ್ ಉಜ್ಜಿದವಳಿಗೆ ಇಷ್ಟು ಗೊತ್ತಾಗಲಿಲ್ಲವೇ?

ಆಮೇಲೆ ನೆನಪಾಯಿತು. ನೀನು ಚಿಕ್ಕವಳಿದ್ದಾಗ ನಾನು ಓಡಿಸುತ್ತಿದ್ದುದು ಜೆಸಿಬಿ. ಅದಕ್ಕೆ ಸ್ಟೇರಿಂಗ್ ಇತ್ತು. ತೊಡೆ ಮೇಲೆ ಕೂರಿಸಿಕೊಂಡು ನಿನ್ನ ಕೈ ಹಿಡಿದು ತಿರುಗಿಸುತ್ತಿದ್ದೆ. ನೀನು ಬಾಯಲ್ಲೇ ಹಾರನ್ ಹೊಡೆಯುತ್ತಿದ್ದೆ. ಅದಾದ ಮೇಲೆ ನಾನು ಕೆಲಸ ಮಾಡುವುದನ್ನು ನೀನು ನೋಡಿಯೇ ಇಲ್ಲ. ಅದು ನಿನ್ನ ತಪ್ಪಲ್ಲ.

ಹಿಟಾಚಿಯಲ್ಲಿ ಎರಡು ಲಿವರ್ ಇರುತ್ತವೆ, ಎಡಗೈಗೊಂದು ಬಲಗೈಗೊಂದು. ಗಟ್ಟಿಯಾಗಿ ಹಿಡಿಯಬಾರದು, ಕರುವಿನ ಮೂಗುದಾರ ಹಿಡಿದ ಹಾಗೆ ಹಿಡಿಯಬೇಕು. ಬೆನ್ನು ಸೀಟಿಗೆ ಒರಗಿರುವುದಿಲ್ಲ. ನನ್ನ ಎಡಭುಜ ಸ್ವಲ್ಪ ಇಳಿದಿರುತ್ತದೆ, ಕಾಲುವೆ ಅಂಚು ನೋಡಲು ಕುತ್ತಿಗೆ ಎಡಕ್ಕೆ ಬಗ್ಗಿರುತ್ತದೆ. ತಲೆಗೆ ಟವೆಲ್ ಸುತ್ತಿರುತ್ತೇನೆ.

ಇನ್ನೊಂದು ವಿಷಯ. ನೀನು ಬರೆದಿದ್ದೆ, ಆ ಪೀಸಿನಲ್ಲಿ ಬಕೆಟ್ ಎತ್ತಿ ಆಡಿಸುತ್ತಿದ್ದರು, ಒಳಗೆ ಯಾರೂ ಇಲ್ಲ ಎಂದು. ಆಪರೇಟರ್ ಇಳಿಯುವ ಮೊದಲು ಬಕೆಟ್ಟನ್ನು ನೆಲಕ್ಕೆ ಊರಬೇಕು. ಇಳಿದು ಆ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಬಕೆಟ್ ಮೇಲಿದ್ದು ಸೀಟು ಖಾಲಿ ಇರಬಾರದು. ಎಷ್ಟೋ ಜನ ಅದರ ಕೆಳಗೆ ಸಿಕ್ಕಿ ಸತ್ತಿದ್ದಾರೆ. ಬಕೆಟ್ ಎತ್ತಿದ ಗಾಡಿಯಲ್ಲಿ ಮನುಷ್ಯ ಇರಲೇಬೇಕು.

ಅಷ್ಟೇ. ನಾನು ಮಾಡು ಎಂದು ಹೇಳುತ್ತಿಲ್ಲ. ಮಾಡಿದರೆ ಹೊಟ್ಟೆ ಸ್ವಲ್ಪ ಕಮ್ಮಿ ಮಾಡು.

ನಿನ್ನ ಅಪ್ಪ


ಹೊನ್ನಾಳಿ
20 ಅಕ್ಟೋಬರ್ 2024

ಅಪ್ಪ,

ಹೊಟ್ಟೆ ಕಮ್ಮಿ ಮಾಡಲ್ಲ. ಇದ್ದಂಗೇ ಇರ್ಲಿ.

ಹೊಸದಾಗಿ ಕೆತ್ತಿದೆ. ಎಡಭುಜ ಇಳಿಸಿದೆ, ಕುತ್ತಿಗೆ ಬಗ್ಗಿಸಿದೆ. ಬೆರಳು ತೋರಿಸೋದು ಕಷ್ಟ, ಅಷ್ಟು ಸಣ್ಣದರಾಗೆ ಬೆರಳು ಸತುವಿಗೆ ಬರಲ್ಲ. ಆದ್ರೆ ಮುಷ್ಟಿ ಬಂತು. ಮುಷ್ಟಿ ಸಾಕು. ಸುನೀತಾ ಬಣ್ಣ ಹೊಡೀತಾಳೆ, ನಮ್ಮ ಶೆಡ್ಡಿನಾಗೆ ಸ್ಪ್ರೇ ಅವಳ ಕೆಲಸ. ಸೂಜಿ ಮೊನೆಯಾಗೆ ಟವೆಲ್ಲಿಗೆ ಕೆಂಪು ಇಟ್ಲು. "ನಿಮ್ಮಪ್ಪ ಮೀಸೆ ಬಿಟ್ಟವ್ರಾ?" ಅಂದ್ಲು. ಹೌದು ಅಂದಿದ್ದಕ್ಕೆ ಉಸಿರು ಹಿಡಿದು ಅದನ್ನೂ ಇಟ್ಲು.

ಇದು ಹೆಂಗೆ ಕೂರಿಸ್ತೀವಿ ಅಂದ್ರೆ, ಕ್ಯಾಬಿನ್ನಿಗೆ ಗಾಜು ಹಾಕಿ ಕೆಳಗಿನಿಂದ ರಿವಿಟ್ ಬಡೀತಾರಲ್ಲ, ಅದಕ್ಕೆ ಮುಂಚೆ ಸೀಟಿನ ಮ್ಯಾಲೆ ಒಂದು ಚುಕ್ಕಿ ಅಂಟು. ರಿವಿಟ್ ಬಿತ್ತು ಅಂದ್ರೆ ಮುಗೀತು. ಮಷೀನು ಒಡೀದೆ ನಿನ್ನನ್ನ ಯಾರೂ ಇಳಿಸಾಕೆ ಆಗಲ್ಲ.

ಕಲ್ಲೇಶಪ್ಪನೋರ ಕೈಗೆ ಸಿಕ್ಕಾಕ್ಕೊಂಡೆ. ಆಯುಧ ಪೂಜೆ ದಿನ. ಅಚ್ಚಿನ ಮಷೀನಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆದ್ವಿ. ಎಲ್ಲಾರೂ ಹೊರಗೆ ಮಂಡಕ್ಕಿ ತಿನ್ತಿದ್ರು. ನಾನು ನನ್ನ ಕಲ್ಲಿನ ಅಚ್ಚಿಗೂ ಕುಂಕುಮ ಇಡ್ತಿದ್ದೆ. ಹಿಂದಿನಿಂದ ಬಂದ್ರು.

"ಇದೇನೇ ಹುಡುಗಿ?"

"ಅಚ್ಚು."

"ಯಾರು ಹೇಳಿದ್ರು ಮಾಡು ಅಂತ?"

"ಯಾರೂ ಹೇಳ್ಲಿಲ್ಲ."

"ರುದ್ರಮುನಿಯೋರ ಆರ್ಡರು ಹೋದ್ರೆ ನಾನು ಮತ್ತೆ ನಲ್ಲಿ ತಿರುಪು ಹುಯ್ಕೊಂಡು ಕೂರಬೇಕು. ಗೊತ್ತೈತಾ? ನಿನಗೆ ಎಷ್ಟು ಸೊಕ್ಕೇ?"

"ನೀವೇ ಕೈಯಾಗೆ ಹಿಡಿದು ನೋಡ್ರಿ, ಆಮ್ಯಾಲೆ ಬೈಯ್ರಿ" ಅಂದೆ.

ಕನ್ನಡಕ ಹಾಕ್ಕೊಂಡು ನೋಡಿದ್ರು. ತಿರುಗಿಸಿ ತಿರುಗಿಸಿ ನೋಡಿದ್ರು. "ಯಾರಿದು?" ಅಂದ್ರು. "ಟೇಪ್ ಹಿಡಿದೋನು" ಅಂದೆ. ಗೋಡೆ ಫೋಟೋ ಕಡೆ ತಿರುಗಿ ನಿಂತ್ರು. "ಅವನು ನಿಮ್ಮಪ್ಪನಾ? ಬೆಳಗಿನಿಂದ ಸಂಜೆತನಕ ನನ್ನ ಜೊತೆಗೇ ಇದ್ದ. ಹೇಳ್ಲೇ ಇಲ್ಲವಲ್ಲ."

ಪುಣ್ಯಾತ್ಮ, ಪೂರ್ತಿ ಬೈಯ್ಯಲಿಲ್ಲ. "ನಾನು ನೋಡಿಲ್ಲ" ಅಂತ ಹೇಳಿ ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡು ಹೋದ್ರು.

ಆದ್ರೆ ನಂಗೆ ಅವರ ಮಾತು ಮುಳ್ಳು ಮುರಿದಂಗೆ ಉಳೀತು. ಇಡೀ ದಿನ ಟೇಪ್ ಹಿಡ್ಕೊಂಡು ನಿಂತೆ. ಎಲ್ಲಿಂದ ಬಂದ್ರಿ ಅಂತ ಕೇಳಿರ್ತೀಯ, ಹೊನ್ನಾಳಿ ಎರಕದ ಶೆಡ್ಡು ಅಂದಿರ್ತಾರೆ. "ನನ್ನ ಮಗಳು ನಿಮ್ಮ ಹತ್ರಾನೇ ಐದಾಳೆ" ಅನ್ನಾಕೆ ನಾಲಿಗೆ ಬರಲಿಲ್ವಾ? ನಾನು ಕದಿಯಾಕೆ ಹೋಗಿದೀನಾ? ಯಾರ ಜೊತೆಗಾದ್ರೂ ಓಡಿ ಹೋಗಿದೀನಾ? ಕೆಲಸ ಮಾಡ್ತಿದೀನಿ.

ಉತ್ತರ ಕೊಡು. ಇದಕ್ಕೆ ಮಾತ್ರ ಕೊಡು.

ಗಂಗಾ


ಹೊನ್ನಾಳಿ
17 ನವೆಂಬರ್ 2024

ಅಪ್ಪ,

ಬರಲಿಲ್ಲ. ಪೋಸ್ಟ್‌ಮ್ಯಾನ್ ನನ್ನ ಕಂಡ್ರೆ ದಾರಿ ಬದಲಾಯಿಸ್ತಾನೆ ಈಗ.

ಪರವಾಗಿಲ್ಲ. ನೀನು ಮಾತಾಡದಿದ್ರೂ ಇನ್ನೂರು ಕ್ಯಾಬಿನ್ನಿನಾಗೆ ಕೂತಾಗೈತೆ.

ಗಂಗಾ


ಜಗಳೂರು
28 ನವೆಂಬರ್ 2024

ಗಂಗಾ,

ಇಲ್ಲಿ ಚಳಿ ಶುರುವಾಗಿದೆ. ಕೊನೆಯ ಕೆರೆಗೆ ಇನ್ನು ಒಂದು ಒಡ್ಡು ಮಾತ್ರ ಬಾಕಿ. ಅದನ್ನು ನೀರು ಬಿಡುವ ದಿನ ಕಡಿಯಬೇಕೆಂದು ಹಾಗೇ ಬಿಟ್ಟಿದ್ದಾರೆ.

ನೀನು ಕೇಳಿದ್ದಕ್ಕೆ ಎರಡು ಸಲ ಬರೆದು ಎರಡು ಸಲವೂ ಹರಿದೆ.

ನನ್ನ ಟವೆಲ್ಲಿನ ಒಂದು ಚೂರು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅದು ಕೆಂಪಲ್ಲ, ಬಿಸಿಲಿಗೆ ಇಟ್ಟಿಗೆ ಬಣ್ಣವಾಗಿದೆ. ಸುನೀತಾಗೆ ತೋರಿಸು. ಮಾಡುವುದೇ ಆದರೆ ಬಣ್ಣ ಸರಿಯಾಗಿರಲಿ.

ಅಪ್ಪ


ಸವಳಂಗ
5 ಜನವರಿ 2025

ಅಪ್ಪ,

ಆ ಚೂರು ಸುನೀತಾಳ ಟೇಬಲ್ಲಿನ ಮ್ಯಾಲೆ ಗಾಜಿನ ಕೆಳಗೆ ಐತೆ. ಕೆಂಪಿಗೆ ಮಣ್ಣಿನ ಬಣ್ಣ ಬೆರೆಸಿ ಬೆರೆಸಿ ಕಡೆಗೂ ಹಿಡಿದ್ಲು. ಮೊದಲು ಬಳಿದಿದ್ದವಕ್ಕೂ ಗಾಜಿನ ಸಂದಿಯಾಗೆ ಸೂಜಿ ತೂರಿಸಿ ಮತ್ತೆ ಬಳಿದ್ಲು. ನಿನ್ನ ಆ ಕಾಗದಕ್ಕೆ ನಾನು ಉತ್ತರ ಬರೀಲಿಲ್ಲ ಯಾಕಂದ್ರೆ ಬೈಯ್ಯಾಕೆ ಆಗಲಿಲ್ಲ. ಈಗ ಬೈಯ್ಯಾಕೆ ಬೇರೆಯೋರು ಸಿಕ್ಕವ್ರೆ.

ವಿನಯ್ ಕುಮಾರ್ ಮಾಲು ನೋಡಾಕೆ ಬಂದಿದ್ದ. ಐನೂರೂ ಸಾಲಾಗಿ ಜೋಡಿಸಿದ್ವಿ, ಎಲ್ಲಾದರ ಬಕೆಟ್ಟೂ ಮ್ಯಾಲಕ್ಕೆ. ಸಾಲಿನ ಮುಂದೆ ಒಂದು ರೌಂಡು ಹೊಡೆದ, ನಿಂತ, ಬಗ್ಗಿದ. "ಇದ್ಯಾವನ್ರೀ ಒಳಗೆ?"

ಕಲ್ಲೇಶಪ್ಪನೋರು ನೆಲ ನೋಡಿದ್ರು. ನಾನೇ ಹೇಳಿದೆ, "ಆಪರೇಟರ್."

"ನಾನು ಹೇಳಿದ್ನಾ ಇಡು ಅಂತ?"

"ಬಕೆಟ್ ಎತ್ತಿದ ಗಾಡಿಯಾಗೆ ಮನುಷ್ಯ ಇರಲೇಬೇಕು. ನಿಮ್ಮ ಸೈಟಿನಾಗೇ ಕೇಳಿ ನೋಡ್ರಿ."

"ಏಯ್, ನಮ್ಮಪ್ಪನ ಹೆಸರು ಐತೆ ಇದರ ಮ್ಯಾಲೆ. ಯಾವನೋ ಟವೆಲ್ ಸುತ್ಕೊಂಡೋನು ಒಳಗೆ ಕೂತಿದ್ರೆ ಮಂತ್ರಿಗಳು ಏನಂತಾರೆ? ತೆಗೀರಿ."

ತೆಗೆಯಾಕೆ ಬರಲ್ಲ, ರಿವಿಟ್ ಕಿತ್ರೆ ಗಾಜು ಬಿರುಕು ಬಿಡ್ತೈತೆ ಅಂತ ಕಲ್ಲೇಶಪ್ಪನೋರು ಬಾಯಿ ಬಿಟ್ರು. ನೀರು ಬಿಡೋ ದಿನ ಹತ್ತಿರ ಬಂದೈತೆ, ಹೊಸದು ಹುಯ್ಯಾಕೆ ಟೈಮಿಲ್ಲ. ಹೊರಗೆ ನಿಂತಿದ್ದ ತನ್ನ ಕರಿ ಗಾಜಿನ ಕಾರು ನೋಡಿದ, ಕ್ಯಾಬಿನ್ ಗಾಜು ನೋಡಿದ. "ಗಾಜಿಗೆ ಕರಿ ಬಣ್ಣ ಹೊಡೀರಿ. ಒಳಗೆ ಯಾವನಾದ್ರೂ ಸಾಯ್ಲಿ, ಹೊರಗೆ ಕಾಣಬಾರದು" ಅಂದ.

"ಕಾರಿಗೆ ಕರಿ ಗಾಜು ಹಾಕಿದ್ರೆ ಪೊಲೀಸ್ರು ಹಿಡೀತಾರೆ ಸಾರ್" ಅಂದ್ಲು ಸುನೀತಾ. ನಾನು ನಕ್ಕೆ. ಈ ಸಲ ನಾನೊಬ್ಬಳೇ ನಕ್ಕೆ.

ಅವನು ನನ್ನ ಕಡೆ ಬೊಟ್ಟು ತೋರಿಸಿ "ಈ ಹುಡುಗಿ ನಾಳೆಯಿಂದ ಇಲ್ಲಿ ಇರಬಾರದು" ಅಂದ. ಕಲ್ಲೇಶಪ್ಪನೋರು ಸಂಜೆ ನನ್ನ ಹತ್ರ ಬಂದು "ಮಾಲು ಹೋಗೋತನಕ ಮನೆಯಾಗಿರವ್ವ, ಆಮ್ಯಾಲೆ ನೋಡೋಣ" ಅಂದ್ರು. ನಾನು ಅರ ಟೇಬಲ್ಲಿನ ಮ್ಯಾಲೆ ಇಟ್ಟು ಬಂದೆ. ಕೈ ಮುಗಿಯಲಿಲ್ಲ.

ಆದ್ರೆ ಅಪ್ಪ, ಕರಿ ಬಣ್ಣ ಹೊಡೆದಿದ್ದು ಯಾರು? ಸುನೀತಾ. ಯಾವ ಬಣ್ಣ? ಶಾಲೆ ಮಕ್ಕಳು ಚಿತ್ರ ಬರೆಯೋ ನೀರಿನ ಬಣ್ಣ, ಒಂಚೂರು ಗೋಂದು ಬೆರೆಸಿ. ಒಣಗಿದ್ರೆ ಹೊಳೀತೈತೆ, ನಿಜವಾದ ಕರಿ ಗಾಜಿನಂಗೇ ಕಾಣ್ತೈತೆ. ಒದ್ದೆ ಬೆರಳು ತಾಗಿದ್ರೆ ಸಾಕು. ಯಾವತ್ತೋ ಒಂದಿನ ಯಾರದ್ದೋ ಮನೆಯಾಗೆ ಶೋಕೇಸ್ ಒರೆಸೋ ಹೆಂಗಸು ಒದ್ದೆ ಬಟ್ಟೆ ಆಡಿಸ್ತಾಳೆ, ಅವತ್ತು ನೀನು ಹೊರಗೆ ಬರ್ತೀಯ. ಮಂತ್ರಿಗೆ ಕಾಣದಿದ್ರೂ ಅವಳಿಗೆ ಕಾಣ್ತೀಯ. ನಂಗೆ ಅಷ್ಟು ಸಾಕು.

ಸುನೀತಾ ಕೆಲಸಕ್ಕೆ ಕುತ್ತು ತರಬೇಡ. ಈ ಕಾಗದ ಓದಿ ಸುಟ್ಟುಬಿಡು.

ಸವಳಂಗದಾಗೆ ಇದೀನಿ. ಇಲ್ಲಿಗೇ ಬರಿ.

ಗಂಗಾ


ಜಗಳೂರು
9 ಫೆಬ್ರವರಿ 2025

ಗಂಗವ್ವ,

ಈ ಸಲ ಪುಸ್ತಕದ ಕನ್ನಡ ಬರಾಕಿಲ್ಲ. ಬಾಯಿಗೆ ಬಂದಂಗೆ ಬರೀತೀನಿ.

ನಿನ್ನೆ ನೀರು ಬಿಟ್ರು. ಬೆಳಿಗ್ಗೆನೇ ಗಾಡಿ ತೊಳೆದು ಬಾಳೆಕಂದು ಕಟ್ಟಿ, ಹೂವ ಹಾಕಿ ಒಡ್ಡಿನ ಮ್ಯಾಲೆ ನಿಲ್ಲಿಸಿದ್ದೆ. ಒಡ್ಡಿನ ಆಕಡೆ ನೀರು ತುಂಬಿ ನಿಂತಿತ್ತು, ಈಕಡೆ ಒಣ ಕೆರೆ. ನಾನು ಒಡ್ಡು ಕಡಿದ್ರೆ ನೀರು ಒಳಗೆ. ಶಾಮಿಯಾನ ಹಾಕಿದ್ರು, ವೇದಿಕೆ ಹಾಕಿದ್ರು. ಉಳಿದ ಕೆಲಸದೋರಿಗೆಲ್ಲ ಹಿಂದೆ ಬೇಲಿ ಹತ್ರ ನಿಲ್ಲಾಕೆ ಹೇಳಿದ್ರು. ಮುತ್ತುರಾಜ ನಮ್ಮೋರೆಲ್ಲರನ್ನೂ ಕಟ್ಕೊಂಡು ಅಲ್ಲೇ ನಿಂತಿದ್ದ.

ವಿನಯ್ ಕುಮಾರ್ ಬಂದ. ಬಿಳಿ ಅಂಗಿ, ಕರಿ ಕನ್ನಡಕ. ಮ್ಯಾಲೆ ಡ್ರೋನು ಗುಂಯ್ ಅಂತಿತ್ತು. "ಮೈಲಾರಪ್ಪ, ಐದು ನಿಮಿಷ ಇಳಿ. ನಾನು ಕೂತ್ಕೊಂಡು ಒಂದು ವಿಡಿಯೋ ತೆಗೆಸ್ಕೊಂತೀನಿ. ಬಕೆಟ್ ಹಂಗೇ ಮ್ಯಾಲಿರ್ಲಿ, ಚೆನ್ನಾಗಿ ಬರ್ತೈತೆ" ಅಂದ.

ಬಕೆಟ್ ಹಂಗೇ ಇರ್ಲಿ ಅಂದ ನೋಡು, ಅವಾಗ ನಂಗೆ ಏನೋ ಆತು. ಬ್ಯಾರೆ ದಿನ ಆಗಿದ್ರೆ ಇಳೀತಿದ್ದೆ. ಎಷ್ಟೋ ಸಲ ಇಳಿದೀನಿ.

"ಇಳಿಯಲ್ರೀ" ಅಂದೆ.

"ಏನಂದೆ?"

"ಒಡ್ಡು ನಾನೇ ಕಡೀತೀನಿ. ಆಮ್ಯಾಲೆ ಬಕೆಟ್ ಊರಿ ಇಳೀತೀನಿ. ಅಲ್ಲೀತನಕ ಇಳಿಯಲ್ಲ."

ಅವನು ಮ್ಯಾಲೆ ಹತ್ತಾಕೆ ಬಂದ. ಗಾಡಿ ಸ್ಟಾರ್ಟ್ ಇತ್ತು, ಸುಮ್ನೆ ಒಂಚೂರು ತಿರುಗಿಸಿದೆ. ಅವನು ಹಿಂದಕ್ಕೆ ಸರಿದ. ವೇದಿಕೆ ಮ್ಯಾಲಿಂದ ರುದ್ರಮುನಿಯೋರು ಕೈ ಬೀಸಿ ಸಾಕು ಶುರು ಮಾಡ್ರೀ ಅಂದ್ರು, ಮಂತ್ರಿಗೆ ಹೊತ್ತಾಗ್ತಿತ್ತು. ನಾನು ಬಕೆಟ್ ಇಳಿಸಿದೆ. ಒಂದು ಕಚ್ಚು, ಎರಡು ಕಚ್ಚು, ಮೂರನೇದಕ್ಕೆ ನೀರು ಮಣ್ಣು ನೂಕ್ಕೊಂಡು ಬಂತು. ಅದರ ಸದ್ದು ನಿಂಗೆ ಬರೆದು ಹೇಳಾಕೆ ಆಗಲ್ಲ.

ಬಾಗಿನ ಬಿಡಾಕೆ ಎಲ್ಲಾರೂ ನೀರಿನ ಹತ್ರ ಇಳಿದು ಬಂದ್ರು. ಮೊರದಾಗೆ ಬಳೆ, ಅರಿಶಿಣ, ಕುಂಕುಮ. ಮುಳುಗಿಸಿ ಬಿಟ್ರು, ಕೈಯೆಲ್ಲ ಒದ್ದೆ. ಅಲ್ಲಿಂದ ಹಂಗೇ ವೇದಿಕೆಗೆ ಹೋದ್ರು, ಒಬ್ಬೊಬ್ಬರ ಕೈಗೂ ನಿನ್ನ ಗಾಡಿ ಕೊಟ್ರು. ಮಂತ್ರಿ ಎರಡೂ ಕೈಯಾಗೆ ಎತ್ತಿ ಹಿಡಿದು ಫೋಟೋಕ್ಕೆ ನಕ್ಕ. ಕೆಳಗಿಟ್ಟು ನೋಡ್ತಾನೆ, ಬೆರಳೆಲ್ಲ ಕರಿ. ರುದ್ರಮುನಿಯೋರು ಗಾಬರಿ ಬಿದ್ದು ಒರೆಸಾಕೆ ಹೋದ್ರು, ಅವರ ಬಿಳಿ ಜುಬ್ಬಾಕ್ಕೂ ಹತ್ತಿತು. ಒಬ್ಬರಿಂದ ಒಬ್ಬರಿಗೆ. ಕಾಡಿಗೆ ಡಬ್ಬಿ ಉರುಳಿದಂಗೆ ಆತು ವೇದಿಕೆ. ಆಫೀಸರಮ್ಮ ಒಬ್ಬರು ಸೆರಗಿನಾಗೆ ಗಾಜು ಒರೆಸಿ ಹತ್ರಕ್ಕೆ ಹಿಡ್ಕೊಂಡ್ರು. ಮೈಕು ಆನ್ ಇತ್ತು. "ಅಯ್ಯೋ, ಒಳಗೆ ಯಾರೋ ಕೂತವ್ರಲ್ರೀ! ಇಟ್ಟಿಗೆ ಬಣ್ಣದ ಟವೆಲ್ಲು, ಮೀಸೆ ಬೇರೆ!" ಅಂದಿದ್ದು ಕೆರೆ ಆಚೆ ದಂಡೆತನಕ ಕೇಳ್ತು.

ಬೇಲಿ ಹತ್ರದಿಂದ ಮುತ್ತುರಾಜ ಗಂಟಲು ಹರಿಯಂಗೆ ಕೂಗಿದ. "ಅದು ನಮ್ಮ ಮೈಲಾರಣ್ಣ ಕಣ್ರೀ! ಅಗೋ ಅಲ್ಲಿ ಕೂತವ್ನೆ!"

ಎಲ್ಲಾರೂ ನನ್ನ ಕಡೆ ತಿರುಗಿದ್ರು. ಮಂತ್ರಿ, ಆಫೀಸರ್ರು, ಊರೋರು, ಎಲ್ಲಾರೂ. ನಾನು ಇನ್ನೂ ಒಳಗೇ ಕೂತಿದ್ದೆ. ಎಡಭುಜ ಇಳಿಸ್ಕೊಂಡು, ಕುತ್ತಿಗೆ ಬಗ್ಗಿಸ್ಕೊಂಡು. ಆಫೀಸರಮ್ಮ ಕೈಯಾಗಿದ್ದುದನ್ನ ನೋಡ್ತಾರೆ, ನನ್ನ ನೋಡ್ತಾರೆ. "ಯಾರ್ರೀ ಮಾಡಿದ್ದು ಇದು?" ಅಂದ್ರು.

ದೊಡ್ಡೋರು ನೋಡ್ತಿದಾರೆ ಅಂತ ನನ್ನ ಕೈ ಎರಡೂ ತಾವೇ ಮ್ಯಾಲೆ ಎದ್ದವು, ಮುಗಿಯಾಕೆ. ಹಳೇ ಚಾಳಿ. ಎದೆ ಹತ್ರ ಬಂದು ಇನ್ನೇನು ಕೂಡಬೇಕು, ನಿನ್ನ ಕಾಗದ ನೆನಪಾತು. ಎತ್ತಿದ ಕೈ ಹಂಗೇ ಇಳಿಸಿ ಲಿವರ್ ಮ್ಯಾಲೆ ಇಟ್ಟೆ.

"ನನ್ನ ಮಗಳು" ಅಂದೆ. "ಶಿವಗಂಗಾ. ಹೊನ್ನಾಳ್ಯಾಗೆ ಎರಕದ ಕೆಲಸ ಮಾಡ್ತಾಳೆ." ಇಂಜಿನ್ ಸದ್ದಿನ ಮ್ಯಾಲೆ ಕೂಗಿ ಹೇಳಿದೆ. ಕಲ್ಲೇಶಪ್ಪನೋರು ಕುರ್ಚಿ ಸಾಲಿನಾಗೆ ಕೂತಿದ್ರು, ಅವರಿಗೂ ಕೇಳ್ತು. ಟೇಪ್ ಹಿಡಿದ ಅವತ್ತೇ ಅನ್ನಬೇಕಿತ್ತು, ಅಂದಿರಲಿಲ್ಲ. ಈಗ ಅಂದೆ.

ಸಂಜೆ ಮೇಸ್ತ್ರಿ ಬಂದು ನಾಳೆಯಿಂದ ಬ್ಯಾಡ ಅಂದ. ಆತು ಅಂದೆ. ಬಕೆಟ್ ಹಲ್ಲು ಹೂಳೋತನಕ ನೆಲಕ್ಕೆ ಊರಿದೆ. ಇಂಜಿನ್ ಆಫ್ ಮಾಡಿ, ಇಳಿದು, ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೀಲಿ ಕೊಟ್ಟೆ. ಯಾರೂ ಇಳಿಸಲಿಲ್ಲ, ನಾನಾಗೇ ಇಳಿದೆ. ಇದು ನಿಮ್ಮವ್ವಗೆ ಸರಿಯಾಗಿ ಹೇಳು, ಇಲ್ದಿದ್ರೆ ಕೆಲಸ ಕಳ್ಕೊಂಡ ಅಂತ ಅಳ್ತಾಳೆ. ಹಿಟಾಚಿ ಜಗಳೂರಿನಾಗೆ ಒಂದೇ ಐತಾ? ಮುತ್ತುರಾಜ ಆಗಲೇ ಎರಡು ಕಡೆ ಫೋನ್ ಮಾಡ್ಯಾನೆ.

ಮುಂದಿನ ವಾರ ಬಸ್ಸಿಗೆ ಬರ್ತೀನಿ. ನೀನು ಮೊದಲು ಕಳಿಸಿದ್ದ ಸ್ಟೇರಿಂಗ್ ಹಿಡಿದೋನು ಜೇಬಿನಾಗೇ ಅವ್ನೆ, ಕೊಡಲ್ಲ.

ಅಲ್ಲೀತನಕ ಫೋನ್ ಮಾಡು. ನಿನ್ನ ಬೈಗುಳ ಮುಗಿಯೋತನಕ ಹಿಡ್ಕೊಂಡಿರ್ತೀನಿ.

ಆಪರೇಟರ್ ಮೈಲಾರಪ್ಪ,
ನಿನ್ನ ಅಪ್ಪ